ಹಿತ್ತಲಲ್ಲಿ ಹೂಡಿದ ಒಲೆ

ನಾನು ಓದಲು ಹೋಗಿದ್ದರಿಂದ ನಮ್ಮ ಮನೆ ಎರಡಾಯಿತು ಎಂದು ಹೇಳುವವರು ನಮ್ಮೂರಲ್ಲಿ ಇನ್ನೂ ಒಬ್ಬಿಬ್ಬರು ಬದುಕಿದ್ದಾರೆ. ಮದುವೆ ಮನೆಯಲ್ಲೋ ಗೃಹಪ್ರವೇಶದಲ್ಲೋ ಸಿಕ್ಕಾಗ, ನನಗೆ ಕೇಳಿಸುವಷ್ಟು ದೂರದಲ್ಲೇ ಕೂತು, "ಹುಡುಗಿ ಕಾಲೇಜು ಅಂದ್ಲು, ತುಂಬಿದ ಮನೆ ಮುರೀತು" ಅನ್ನುತ್ತಾರೆ. ವಯಸ್ಸಾದವರು, ಹೋಗಲಿ ಎಂದು ಇಷ್ಟು ವರ್ಷ ಸುಮ್ಮನಿದ್ದೆ. ಈಗ ನನಗೂ ವಯಸ್ಸಾಗಿದೆ, ಇನ್ನು ಸುಮ್ಮನಿರಬೇಕಾದ ಕಾರಣ ಕಾಣುವುದಿಲ್ಲ. ಆ ಮನೆ ಮುರಿಯುವುದಕ್ಕೆ ಹದಿನಾರರ ಹುಡುಗಿಯೊಬ್ಬಳ ಪುಸ್ತಕ ಬೇಕಿರಲಿಲ್ಲ. ಮುರಿಯಲು ಬೇಕಾದದ್ದೆಲ್ಲ ಮೊದಲಿನಿಂದಲೂ ಒಳಗೇ ಇತ್ತು. ನನ್ನ ಓದು ಒಂದು ನೆಪ, ಆ ನೆಪವನ್ನು ಯಾರು ಹೇಗೆ ಬಳಸಿಕೊಂಡರು ಅನ್ನುವುದನ್ನು ಒಮ್ಮೆ ಬರೆದುಬಿಡುತ್ತೇನೆ. ಕೋಪ ಇಳಿದ ಮೇಲೆ ಬರೆಯೋಣ ಎಂದು ಕಾದಿದ್ದೆ. ಅದು ಇಳಿಯುವ ಹಾಗೆ ಕಾಣುವುದಿಲ್ಲ.

ಹಂದನಕೆರೆಯಿಂದ ಒಳದಾರಿಯಲ್ಲಿ ಹೋದರೆ ನಮ್ಮೂರು. ಮನೆ ದೊಡ್ಡದೇ. ನಡುವೆ ನಡುಮನೆ, ಒಂದು ಮಗ್ಗುಲಿಗೆ ಅಡುಗೆಮನೆ, ಇನ್ನೊಂದು ಮಗ್ಗುಲಿಗೆ ದನದ ಕೊಟ್ಟಿಗೆ, ಹಿಂದೆ ಬಚ್ಚಲು, ಅದರಾಚೆ ಹಿತ್ತಲು. ಮೇಲೆ ಮನೆಯ ಉದ್ದಕ್ಕೂ ಅಟ್ಟ. ಆ ಮನೆಯಲ್ಲಿ ಮನುಷ್ಯರಿಗಿಂತ ಒಳ್ಳೆಯ ಜಾಗ ಸಿಕ್ಕಿದ್ದು ತೆಂಗಿನಕಾಯಿಗೆ. ಅಟ್ಟ ಹತ್ತಿದ ಕಾಯಿ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನುವವರೆಗೆ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಇರಬೇಕು. ಅಲ್ಲಿಯವರೆಗೆ ಅಟ್ಟಕ್ಕೆ ಏಣಿ ಇಡುವ ಅಧಿಕಾರ ದೊಡ್ಡಪ್ಪನೊಬ್ಬನಿಗೇ. ಕೆಳಗೆ ನಾವು ಮಲಗಿ ಏಳುತ್ತಿದ್ದೆವು, ಮೈಮೇಲೆ ಮಟ್ಟೆಯ ಧೂಳು ಉದುರುತ್ತಿತ್ತು. ಅಷ್ಟೊಂದು ಕಾಯಿಯ ಕೆಳಗೆ ಬದುಕಿದ ನಾವು ಉಂಡದ್ದು ಮಾತ್ರ ಕೌಟು ಕೊಬ್ಬರಿಯ ಸಾರು. ಒಳ್ಳೆಯ ಕೊಬ್ಬರಿ ತಿಪಟೂರಿನ ಮಂಡಿಗೆ, ಒಡೆದದ್ದು, ಕೊಳೆತದ್ದು, ಇಲಿ ಕಡಿದದ್ದು ನಮಗೆ. ಹಸಿಕಾಯಿ ತುರಿದ ವಾಸನೆ ಬಂದರೆ ಮನೆಗೆ ಯಾರೋ ನೆಂಟರು ಬಂದಿದ್ದಾರೆ ಎಂದು ಹೊರಗಿನಿಂದಲೇ ತಿಳಿಯುತ್ತಿತ್ತು. "ನಿಮಗೇನಮ್ಮ, ಕಾಯಿ ಮನೆ" ಅಂತ ಶಾಲೆಯಲ್ಲಿ ಗೆಳತಿಯರು ಅಂದಾಗ ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತಿತ್ತು.

ದೊಡ್ಡಪ್ಪ, ಅಂದರೆ ನನ್ನ ಅಪ್ಪನ ಅಣ್ಣ ಸಿದ್ದಪ್ಪ, ಆ ಮನೆಯ ಯಜಮಾನ. ದಾರಿಯಲ್ಲಿ ಬಿದ್ದ ಮೊಳೆಯನ್ನೂ ಟವೆಲಿನ ತುದಿಗೆ ಗಂಟು ಹಾಕಿಕೊಂಡು ಬರುವವನು. ಹೊರಗಿನವರ ಮುಂದೆ ಮಾತ್ರ ಧಾರಾಳಿ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆಯನ್ನು ಅವನನ್ನು ನೋಡಿಯೇ ಕಟ್ಟಿರಬೇಕು. ದೊಡ್ಡಮ್ಮ ಅವನಿಗೆ ತಕ್ಕವಳು. ಹಿಟ್ಟು ಅಳೆಯುವಾಗ ಸೇರಿನ ಬಾಯಿಯ ಮೇಲೆ ಬೆರಳು ಎಳೆದು ಮಟ್ಟ ಮಾಡಿ, ಬೆರಳಿಗಂಟಿದ್ದನ್ನೂ ಡಬ್ಬಕ್ಕೆ ವಾಪಸ್ಸು ಒದರುತ್ತಿದ್ದಳು. ಅಪ್ಪ ತೋಟ, ದನ, ಅಣ್ಣನ ಮಾತು, ಇಷ್ಟರಲ್ಲೇ ಬದುಕಿದವನು. ಅಣ್ಣ ಹಗಲನ್ನು ರಾತ್ರಿ ಅಂದರೆ ಹಾಸಿಗೆ ಬಿಡಿಸುತ್ತಿದ್ದ. ಇನ್ನು ಅವ್ವ. ಮದುವೆಯಾಗಿ ಬಂದ ಹದಿನೇಳು ವರ್ಷದಲ್ಲಿ ಆ ಮನೆಯ ಸಾರಿಗೆ ಉಪ್ಪು ಹಾಕುವ ಅಧಿಕಾರ ಅವಳಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಬೂದಿ ಬಾಚುವುದು, ಪಾತ್ರೆ ಬೆಳಗುವುದು, ಒಲೆ ಸಾರಿಸುವುದು ಅವಳದು, ಒಲೆಯ ಮುಂದೆ ಕೂರುವುದು ದೊಡ್ಡಮ್ಮನದು. ಇಬ್ಬರೂ ಒಬ್ಬರಿಗೊಬ್ಬರು ಮೆತ್ತಗೆ ಮಾತಾಡುತ್ತಿದ್ದರು. ಹಾಗೆ ಮೆತ್ತಗೆ ಮಾತಾಡುವ ಹೆಂಗಸರನ್ನು ಕಂಡರೆ ನನಗೆ ಈಗಲೂ ಭಯ.

ಎಸ್ಸೆಸ್ಸೆಲ್ಸಿಯಲ್ಲಿ ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ದೊಡ್ಡಪ್ಪನ ಮಗ ಮಹದೇವ ಎರಡು ಸಲ ಕೂತು ಎರಡು ಸಲವೂ ಬಿದ್ದು ತೋಟ ಸೇರಿದ್ದ, ಆದ್ದರಿಂದ ನನ್ನ ಫಲಿತಾಂಶ ಆ ಮನೆಗೆ ಸಾವಿನ ಸುದ್ದಿಯ ಹಾಗೆ ಬಂತು. ದೊಡ್ಡಮ್ಮ ಆವತ್ತು ಸಾರಿಗೆ ಉಪ್ಪನ್ನೇ ಹಾಕಲಿಲ್ಲ. ನನ್ನ ಪುಣ್ಯಕ್ಕೆ ಹೆಡ್ಮೇಷ್ಟ್ರು ಮನೆಗೇ ಬಂದರು. ಜಗಲಿಯ ಮೇಲೆ ಕೂತು, ಈ ಹುಡುಗಿಯನ್ನು ತಿಪಟೂರಿನ ಕಾಲೇಜಿಗೆ ಸೇರಿಸಲೇಬೇಕು, ಒಬ್ಬ ಒಂಟಿ ಅಜ್ಜಿಯ ಮನೆಯ ಹಿಂದೆ ಕೋಣೆ ಇದೆ, ನಮ್ಮೂರಿನ ಕಡೆಯ ಇನ್ನೊಬ್ಬ ಹುಡುಗಿಯೂ ಅಲ್ಲಿರುತ್ತಾಳೆ, ಇವಳು ಅಡುಗೆ ಮಾಡಿಕೊಂಡು ಓದಲಿ ಎಂದರು. ಹೊರಗಿನವರ ಮುಂದೆ ದೊಡ್ಡಪ್ಪ ಇಲ್ಲ ಅನ್ನುವವನಲ್ಲ. "ಓದ್ಲಿ ಬುಡಿ ಮೇಷ್ಟ್ರೇ, ನಮ್ಮನೆ ಲಕ್ಷ್ಮಿ" ಅಂದುಬಿಟ್ಟ. ಮೇಷ್ಟ್ರು ಬೀದಿಯ ತಿರುವು ದಾಟುವುದನ್ನೇ ಕಾಯುತ್ತಿದ್ದು ಒಳಗೆ ಬಂದ.

"ಮೇಷ್ಟ್ರ ಮುಂದೆ ಆಗ್ಲಿ ಅಂದಿದ್ದೀನಿ. ಮಾತು ತಪ್ಪಲ್ಲ. ಆದ್ರೆ ಇಲ್ಲಿ ಏನು ಉಣ್ತಾಳೋ ಅಷ್ಟೇ ತಗೊಂಡೋಗ್ಲಿ. ಅದರ ಮ್ಯಾಲೆ ಒಂದು ಹಿಡಿ ಕೇಳಂಗಿಲ್ಲ."

ನಾನು ಎಷ್ಟು ಉಣ್ಣುತ್ತೇನೆ? ಮಾರನೆಯ ದಿನದಿಂದ ಆ ಮನೆಯಲ್ಲಿ ಚರ್ಚೆಯಾದ ಒಂದೇ ವಿಷಯ ಅದು. ನನ್ನ ಮುಂದೆಯೇ, ನಾನು ಕೊಟ್ಟಿಗೆಯ ಎಮ್ಮೆಯೇನೋ ಅನ್ನುವ ಹಾಗೆ.

"ಹೆಣ್ಣುಡುಗಿ ಹೊಟ್ಟೆ ಎಷ್ಟಿದ್ದಾತು? ವಾರಕ್ಕೆ ಎರಡು ಸೇರು ಹಿಟ್ಟು ಬೇಕಾದಷ್ಟಾಯ್ತದೆ," ಎಂದಳು ದೊಡ್ಡಮ್ಮ.

"ನಾಕು ಸೇರಿಲ್ದೆ ಆಗಲ್ಲ ಅಕ್ಕ. ಓದೋ ಹುಡುಗಿ," ಎಂದಳು ಅವ್ವ.

"ಓದಾಕೆ ಹೊಟ್ಟೆ ಯಾಕೆ ಬೇಕು? ಕಣ್ಣಿದ್ರೆ ಸಾಲ್ದಾ?"

ಹೀಗೆ ಊಟದ ಹೊತ್ತಿಗೆ ಒಂದು ಸುತ್ತು, ಕಸ ಗುಡಿಸುವ ಹೊತ್ತಿಗೆ ಒಂದು ಸುತ್ತು. ನನ್ನ ಎಲೆಗೆ ಬಿದ್ದ ಹಿಟ್ಟಿನ ಮುದ್ದೆಯನ್ನು ದೊಡ್ಡಮ್ಮ ಕಣ್ಣಲ್ಲೇ ತೂಗುತ್ತಿದ್ದಳು. ನಾನು ಇನ್ನೊಂದು ತುತ್ತು ಕೇಳಿದರೆ, "ತಿಪಟೂರಲ್ಲಿ ಯಾರು ಹಾಕ್ತಾರಮ್ಮ" ಎಂದು ನಗುತ್ತಿದ್ದಳು. ಕೊನೆಗೊಂದು ದಿನ ದೊಡ್ಡಪ್ಪ ದಂಡಿನಶಿವರಕ್ಕೆ ನೆಂಟರ ಮದುವೆಗೆ ಹೋಗಿದ್ದಾಗ ಅವ್ವ ತನ್ನ ಮೆತ್ತಗಿನ ದನಿಯಲ್ಲಿ ಒಂದು ಮಾತು ತೆಗೆದಳು.

"ಬಾಯಲ್ಲಿ ಯಾಕಕ್ಕ ಜಗಳ? ಕಾಲೇಜು ಸುರುವಾಗಾಕೆ ಇನ್ನೂ ದಿನ ಐತೆ. ನೀನೇ ಅಳೆದು ಕೊಡು. ಹಿತ್ತಲಲ್ಲಿ ಅವಳೇ ಬೇಯಿಸ್ಕೊಂಡು ಉಣ್ಲಿ. ಸಾಲ್ತದೋ ಇಲ್ವೋ ಗೊತ್ತಾಯ್ತದೆ."

ದೊಡ್ಡಮ್ಮನಿಗೆ ಇದು ಹಿಡಿಸಿತು. ಫಸ್ಟ್ ಕ್ಲಾಸಿನವಳು ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುವುದನ್ನು ನೋಡುವ ಆಸೆ ಅವಳಿಗೂ ಇತ್ತು. ಎರಡು ಸೇರು ರಾಗಿ ಹಿಟ್ಟು, ಒಂದು ಪಾವು ಹುರುಳಿಕಾಳು, ಉಪ್ಪು, ಖಾರದ ಪುಡಿ, ಹುಣಸೆಹಣ್ಣು, ಒಂದು ಚೂರು ಕೌಟು ಕೊಬ್ಬರಿ. ವಾರಕ್ಕೆ ಇಷ್ಟು. ಅಳೆದು ಕೊಟ್ಟು, ಹುಡುಗಿಗೆ ಬುದ್ಧಿ ಬರುತ್ತದೆ ಅನ್ನುವ ಮುಖ ಮಾಡಿಕೊಂಡು ಜಗಲಿಗೆ ಹೋಗಿ ಕೂತಳು. ಅವ್ವ ಬಚ್ಚಲ ಹಿಂದೆ ನುಗ್ಗೆಮರದ ಬುಡದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಅಂಥ ನೇರವಾದ ಒಲೆಯನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ. ಸೋಗೆ ಮುರಿದು ಒಳಗಿಟ್ಟು, ಮೇಲೆ ಅಲ್ಯೂಮಿನಿಯಂ ಪಾತ್ರೆ ಕೂರಿಸಿದೆ. ಬೆಂಕಿಪೊಟ್ಟಣ ತರಲು ಏಳುವಾಗ ಅವ್ವ ತಡೆದಳು.

"ಕಡ್ಡಿ ಯಾಕೆ ದಂಡ ಮಾಡ್ತೀಯ? ಒಳಗೆ ಒಲೇಲಿ ಕೆಂಡ ಐತಲ್ಲ, ತಗೊಂಬಾ."

ಆ ಮನೆಯಲ್ಲಿ ಬೆಳೆದ ನನಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ದಿನಕ್ಕೊಂದು ಕಡ್ಡಿ ಗೀರುವುದೇ ಹೆಚ್ಚು ಅನ್ನುವ ಮನೆ ಅದು. ಒಂದು ಕಾಯಿ ಚಿಪ್ಪಿನಲ್ಲಿ ದೊಡ್ಡಮ್ಮನ ಒಲೆಯಿಂದ ನಾಲ್ಕು ಕೆಂಡ ಹಾಕಿಕೊಂಡು, ಬಾಯಲ್ಲಿ ಊದುತ್ತಾ, ನಡುಮನೆ ದಾಟಿ ಹಿತ್ತಲಿಗೆ ಬಂದೆ. ಜಗಲಿಯಲ್ಲಿ ಬೀದಿಗೆ ಮುಖ ಮಾಡಿದ್ದ ದೊಡ್ಡಮ್ಮನ ಜೊತೆ ಕೂತಿದ್ದ ಪಕ್ಕದ ಮನೆಯ ಪುಟ್ಟತಾಯಮ್ಮ ಬಾಗಿಲಿನಿಂದ ನನ್ನನ್ನು ನೋಡಿ ಬಾಯ ಮೇಲೆ ಕೈಯಿಟ್ಟುಕೊಂಡಳು. ಯಾಕೆಂದು ನನಗೆ ತಿಳಿಯಲಿಲ್ಲ. ಪುಸ್ತಕದಲ್ಲಿ ತಲೆ ಹುದುಗಿಸಿಕೊಂಡಿದ್ದ ನನಗೆ ಇಂಥದ್ದೆಲ್ಲ ಯಾರೂ ಹೇಳಿರಲಿಲ್ಲ. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾಗುವಾಗ ಮೊದಲು ನಡೆಯುವ ಕೆಲಸವೇ ಅದು. ಕಿರಿಯವನ ಕಡೆಯ ಹೆಣ್ಣೊಬ್ಬಳು ಹಳೆಯ ಒಲೆಯ ಕೆಂಡವನ್ನು ಒಯ್ದು ಹೊಸ ಒಲೆಗೆ ಹಾಕುತ್ತಾಳೆ. ಆ ಬೆಂಕಿಯಲ್ಲಿ ಒಂದು ಹಿಡಿ ಬೆಂದರೆ ಮನೆ ಬೇರೆಯಾದಂತೆ, ಜಮೀನು, ತೋಟ, ಪತ್ರ ಎಲ್ಲ ಆಮೇಲಿನ ಮಾತು. ಬಚ್ಚಲ ಒಲೆಗೆ ದಿನಾ ಕೆಂಡ ಹೋಗುತ್ತಿತ್ತು, ಅದು ಲೆಕ್ಕಕ್ಕಿಲ್ಲ, ಅಲ್ಲಿ ಬೇಯುವುದು ನೀರು. ನಾನು ಹಿತ್ತಲಲ್ಲಿ ಬೇಯಿಸಿದ್ದು ಹಿಟ್ಟು.

ಪುಟ್ಟತಾಯಮ್ಮನ ಬಾಯಿಂದ ಊರಿಗೆ, ಊರಿಂದ ಬಸ್ಸಿಗೆ ಸುದ್ದಿ ಹತ್ತಿತು. ಮದುವೆ ಮುಗಿಸಿ ಬರುತ್ತಿದ್ದ ದೊಡ್ಡಪ್ಪನನ್ನು ಹಂದನಕೆರೆಯಲ್ಲಿ ಬಸ್ಸಿಳಿಯುತ್ತಲೇ ಯಾರೋ ಕೇಳಿದರಂತೆ, "ಏನ್ ಸಿದ್ದಣ್ಣ, ತಮ್ಮ ಬೇರೆ ಆದ್ನಂತೆ, ಒಂದು ಮಾತು ಹೇಳ್ಲಿಲ್ವಲ್ಲ" ಎಂದು. ಹೊರಗಿನವರ ಮುಂದೆ ಬದುಕಿದ ಮನುಷ್ಯನಿಗೆ ಹೊರಗಿನವರಿಂದಲೇ ಸುದ್ದಿ ಸಿಕ್ಕಿದ್ದು. ಚಪ್ಪಲಿಯನ್ನೂ ಬಿಡದೆ ಮನೆಯೊಳಗಿಂದ ನೇರ ಹಿತ್ತಲಿಗೆ ಬಂದ. ಹಸಿ ಸೋಗೆಯ ಹೊಗೆಯಲ್ಲಿ ಹೆಣಗಿ ಹೆಣಗಿ, ಸಂಜೆಗೆ ಎಸರು ಕುದಿದು, ನಾನು ಆಗಷ್ಟೇ ಹಿಟ್ಟು ಹಾಕಿ ಕೂತಿದ್ದೆ. ಅಪ್ಪ ತೋಟದಿಂದ ಬಂದು ಕೈಕಾಲು ತೊಳೆಯುತ್ತಿದ್ದ.

"ಯಾರ್ಲಾ ಇಲ್ಲಿ ಒಲೆ ಹೂಡಿದ್ದು?"

"ಹುಡುಗಿ ಅಡುಗೆ ಕಲೀತಾವ್ಳೆ ಅಣ್ಣ," ಅಂದ ಅಪ್ಪ.

"ಕೆಂಡ ಎಲ್ಲಿಂದ ಬಂತು?"

ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ಹೇಳಿದೆ. "ನಾನೇ ಒಳಗಿಂದ ತಂದೆ ದೊಡ್ಡಪ್ಪ. ಕಡ್ಡಿ ದಂಡ ಆಯ್ತದಲ್ಲ ಅಂತ."

ಅವನು ನನ್ನ ಕಡೆ ತಿರುಗಲಿಲ್ಲ. ಅಪ್ಪನನ್ನೇ ನೋಡುತ್ತಾ ಕೇಳಿದ, "ನಾನು ಸಾಯೋಗಂಟ ಕಾಯಕ್ಕಾಗ್ಲಿಲ್ವೇನ್ಲಾ ನಿಂಗೆ?"

ಬಚ್ಚಲ ಬಾಗಿಲ ಮರೆಯಿಂದ ಅವ್ವನ ದನಿ ಬಂತು. "ಅಳತೆ ನೋಡಕ್ಕೆ ಹೂಡಿದ್ದು ಭಾವ. ಅಕ್ಕನೇ ಅಳೆದು ಕೊಟ್ಟವ್ರೆ. ಕೇಳಿ ಬೇಕಾದ್ರೆ."

"ನಾನು ಹಿಟ್ಟು ಕೊಟ್ಟೆ," ಎಂದಳು ದೊಡ್ಡಮ್ಮ. "ಕೆಂಡ ಕೊಟ್ಟಿಲ್ಲ."

ಆಗಲೂ ಸರಿಮಾಡಬಹುದಿತ್ತು. "ನೀರು ಹಾಕ್ಲಾ ಅದಕ್ಕೆ," ಎಂದು ದೊಡ್ಡಪ್ಪ ಅಪ್ಪನಿಗೆ ಹೇಳಿದ. ಅಪ್ಪ ಎಂದಿನ ಹಾಗೆ ಚೊಂಬು ಎತ್ತಿದ. ಅವ್ವ ಆಗ ಮರೆಯಿಂದ ಹೊರಗೆ ಬಂದಳು, ಭಾವನ ಎದುರಿಗೆ, ತಲೆಯ ಮೇಲಿನ ಸೆರಗನ್ನೂ ಸರಿಮಾಡಿಕೊಳ್ಳದೆ. "ಬೇಯೋ ಹಿಟ್ಟಿಗೆ ನೀರು ಹಾಕ್ಬೇಡಿ. ಮಗಳು ಉಂಡಿಲ್ಲ," ಅಂದಳು. ಅಪ್ಪ ಚೊಂಬು ಹಿಡಿದು ನಿಂತ. ಅಣ್ಣನ ಕಡೆ ನೋಡಿದ, ಅವ್ವನ ಕಡೆ ನೋಡಿದ, ಪಾತ್ರೆಯಲ್ಲಿ ಕುದಿಯುತ್ತಿದ್ದ ಹಿಟ್ಟಿನ ಕಡೆ ನೋಡಿದ. ನೀರು ಹಾಕಲಿಲ್ಲ, ಹಾಕುವುದಿಲ್ಲ ಅಂತಲೂ ಅನ್ನಲಿಲ್ಲ. ಜೀವಮಾನದಲ್ಲಿ ಅವನು ಅಣ್ಣನ ಮಾತು ಮೀರಿದ್ದು ಅದೊಂದೇ ಸಲ, ಅದೂ ಸುಮ್ಮನೆ ನಿಂತು. ದೊಡ್ಡಪ್ಪ ತಿರುಗಿ ಒಳಗೆ ಹೋದ. ನನ್ನ ಹಿಟ್ಟು ತಳ ಹಿಡಿಯಿತು.

ಆ ವಾರವೇ ಊರಿನ ನಾಲ್ಕು ಜನ ಹಿರಿಯರು ಜಗಲಿಯ ಮೇಲೆ ಕೂತು ಪಾಲು ಮಾಡಿದರು. ಅದು ಪಾಲು ಅನ್ನುವುದಕ್ಕಿಂತ ಕಿತ್ತಾಟ ಅಂದರೆ ಸರಿ. ಅಟ್ಟದ ಕಾಯಿ ಇನ್ನೂ ಅರೆಬರೆ ಒಣಗಿತ್ತು, ಕೆಳಗಿಳಿಸಿ ಎಣಿಸಿದರೆ ಕೊಬ್ಬರಿ ಕೆಡುತ್ತದೆ. ಅದಕ್ಕೆ ಅಟ್ಟದ ನಡುವೆ ಹಗ್ಗ ಕಟ್ಟಿ, ಅಡುಗೆಮನೆ ಕಡೆಯದು ಅಣ್ಣನಿಗೆ, ಕೊಟ್ಟಿಗೆ ಕಡೆಯದು ತಮ್ಮನಿಗೆ ಅಂದರು. ಅಡುಗೆಮನೆಯ ಮೇಲಿನ ಕಾಯಿ ಹೊಗೆಯ ಕಾವಿಗೆ ಬೇಗ ಒಣಗುತ್ತದೆ, ಕೊಟ್ಟಿಗೆಯ ಮೇಲಿನದು ತಡ. ಇದರ ಮೇಲೆ ಹೆಂಗಸರಿಬ್ಬರೂ ಹಿರಿಯರ ಮುಂದೆಯೇ ಮೆತ್ತಗಿನ ದನಿ ಬಿಟ್ಟರು. ಹದಿನೇಳು ವರ್ಷ ಒಳಗಿಟ್ಟುಕೊಂಡಿದ್ದ ಮಾತುಗಳು ಒಂದು ಮಧ್ಯಾಹ್ನದಲ್ಲಿ ಹೊರಬಿದ್ದವು. ಯಾರ ಬಾಣಂತನದಲ್ಲಿ ಯಾರು ತುಪ್ಪ ಬಚ್ಚಿಟ್ಟರು, ಯಾರ ತವರಿನಿಂದ ಬಂದ ಸೀರೆಯನ್ನು ಯಾರು ಉಟ್ಟರು, ಎಲ್ಲ. ಒರಳುಕಲ್ಲು ನೆಲದಲ್ಲಿ ಹೂತದ್ದು, ಅದು ದೊಡ್ಡಮ್ಮನ ಕಡೆಗೇ ಉಳಿಯಿತು. ಅದನ್ನು ಕೇಳುವುದಕ್ಕಿಂತ ಬೀದಿ ದಾಟಿ ಹೋಗಿ ರುಬ್ಬಿಕೊಂಡು ಬರುವುದು ಮೇಲು ಎಂದು ಅವ್ವ ಆಣೆ ಇಟ್ಟಳು. ನಡುಮನೆಯ ಮಧ್ಯೆ ಮಣ್ಣಿನ ಗೋಡೆ ಎದ್ದಿತು. ಹಿತ್ತಲನ್ನು ಆಮೇಲೆ ನೋಡೋಣ ಎಂದು ಬಿಟ್ಟರು. ಹಿರಿಯರಲ್ಲೊಬ್ಬರು ಏಳುವಾಗ, "ಹುಡುಗಿ ಕಾಲೇಜಿನ ರಾಗಿ?" ಎಂದು ಕೇಳಿದರು. ದೊಡ್ಡಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಇನ್ನೇನು, ಅವರುಂಟು, ಅವರ ಮಗಳುಂಟು."

ಅವ್ವ ಕೊಟ್ಟಿಗೆ ಮಗ್ಗುಲಿನ ಕೋಣೆಯಲ್ಲಿ ಒಲೆ ಹಾಕಿದಳು. ಅವಳನ್ನು ಅಷ್ಟು ಸಂತೋಷವಾಗಿ ನಾನು ನೋಡಿರಲಿಲ್ಲ. ಮೊದಲ ದಿನವೇ ಹಸಿಕಾಯಿ ಒಡೆದಳು, ಇಡೀ ಕಾಯಿ ತುರಿದು ಸಾರಿಗೆ ಹಾಕಿದಳು. ಉಪ್ಪು ಹಾಕುವಾಗ ಕೈ ಎತ್ತಿ ಎತ್ತಿ ಹಾಕಿದಳು, ಸಾರು ಉಪ್ಪಾಗಿತ್ತು. ಅಪ್ಪ ಗೋಡೆಗೆ ಬೆನ್ನು ಮಾಡಿ ಕೂತು ಉಂಡು ಎದ್ದು ಹೋದ. ಗೋಡೆಯ ಆಚೆ ಅವನ ಅಣ್ಣ ಕೆಮ್ಮಿದರೆ ಇವನ ಕೈ ಎಲೆಯ ಮೇಲೆ ನಿಲ್ಲುತ್ತಿತ್ತು. ನನಗೆ ಅದ್ಯಾವುದೂ ಬೇಕಾಗಿರಲಿಲ್ಲ. ಅಳೆಯುವವಳು ಗೋಡೆಯಾಚೆ ಹೋದಳು, ಇನ್ನು ನನಗೂ ತಿಪಟೂರಿಗೂ ನಡುವೆ ಯಾರೂ ಇಲ್ಲ ಎಂದುಕೊಂಡು ಎರಡು ಲಂಗ, ಎರಡು ದಾವಣಿ ಒಗೆದು ಮಡಿಚಿ ತಗಡಿನ ಟ್ರಂಕಿಗೆ ಹಾಕಿದೆ. ಅವ್ವ ಒಲೆ ಸಾರಿಸುತ್ತಿದ್ದವಳು ಅದನ್ನು ನೋಡಿದಳು.

"ಈ ವರ್ಷ ಬ್ಯಾಡ ಕಣೇ ರತ್ನಿ. ಹೊಸಾ ಸಂಸಾರ. ದನ ಯಾರು ನೋಡ್ತಾರೆ? ಆಳುಗಳಿಗೆ ಹಿಟ್ಟು ಯಾರು ತೊಳಸ್ತಾರೆ? ಬರೋ ವರ್ಷ ಹೋಗೀವಂತೆ."

"ಬರೋ ವರ್ಷ ಯಾರು ಕಳಿಸ್ತಾರೆ ಅವ್ವ? ಆಗ್ಲೂ ದನ ಇರ್ತವೆ, ಆಳುಗಳೂ ಇರ್ತಾರೆ."

"ಹಂಗಾದ್ರೆ ಬುಡು. ಓದ್ದೇ ಇರೋರೆಲ್ಲ ಸತ್ತೋದ್ರಾ?"

ಆಗ ನನಗೆ ಹೊಳೆಯಿತು. ತಡವಾಗಿ ಹೊಳೆಯಿತು.

"ಆವತ್ತು ಕೆಂಡ ತಾ ಅಂದ್ಯಲ್ಲ. ಅದರಿಂದ ಏನಾಯ್ತದೆ ಅಂತ ನಿಂಗೆ ಗೊತ್ತಿತ್ತಾ?"

ಅವ್ವ ಸಗಣಿಯ ಕೈಯನ್ನು ಒಲೆಯ ಅಂಚಿನ ಮೇಲೆ ಆಡಿಸುತ್ತಲೇ ಇದ್ದಳು. "ಹದಿನೇಳು ವರ್ಷ ಆ ಒಲೆ ಬೂದಿ ಬಾಚಿದ್ದೀನಿ. ಗೊತ್ತಿಲ್ದೆ ಇರ್ತದಾ?"

ಅವಳ ಹದಿನೇಳು ವರ್ಷ ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಆಗಲೂ ಸ್ವಲ್ಪ ಅರ್ಥವಾಗಿತ್ತು, ಈಗ ಪೂರ್ತಿ ಅರ್ಥವಾಗುತ್ತದೆ. ಅರ್ಥವಾದದ್ದನ್ನೆಲ್ಲ ಕ್ಷಮಿಸಬೇಕು ಅನ್ನುವ ಕಾನೂನು ಎಲ್ಲಿದೆ? ಕೇಳಿದ್ದರೆ ನಾನೇ ಕೆಂಡ ತಂದು ಅವಳ ಒಲೆಗೆ ಹಾಕುತ್ತಿದ್ದೆ. ಕೇಳಲಿಲ್ಲ. ನನ್ನ ಓದನ್ನು ಮುಂದಿಟ್ಟು, ನನ್ನ ಕೈಯಲ್ಲೇ ಹೊರಿಸಿ, ತನ್ನ ಕೆಲಸವಾದ ಮೇಲೆ ನನ್ನನ್ನು ದನ ನೋಡಿಕೊಳ್ಳಲು ಇರು ಎಂದಳು. ದೊಡ್ಡಮ್ಮನ ಮೇಲೆ ನನಗೆ ಇದ್ದದ್ದು ಸಿಟ್ಟು. ಅವ್ವನ ಮೇಲೆ ಆವತ್ತು ಹುಟ್ಟಿದ್ದು ದ್ವೇಷ, ಆ ಪದವನ್ನು ಬದಲಾಯಿಸಿ ಬರೆಯಲು ನೋಡಿದೆ, ಬೇರೆ ಯಾವುದೂ ಒಗ್ಗಲಿಲ್ಲ.

ದೇವರ ಗೂಡಿನಲ್ಲಿದ್ದ ಬೆಂಕಿಪೊಟ್ಟಣವನ್ನು ಯಾರನ್ನೂ ಕೇಳದೆ ತೆಗೆದುಕೊಂಡು ಹಿತ್ತಲಿಗೆ ಹೋದೆ. ಕಲ್ಲುಗಳು ಅಲ್ಲೇ ಇದ್ದವು. ದೊಡ್ಡಮ್ಮ ಅಳೆದು ಕೊಟ್ಟಿದ್ದರಲ್ಲಿ ಮಿಕ್ಕ ಹಿಟ್ಟು ಡಬ್ಬದಲ್ಲಿತ್ತು. ಕಡ್ಡಿ ಗೀರಿ ಒಲೆ ಹಚ್ಚಿ, ಒಂದು ಮುದ್ದೆಗಾಗುವಷ್ಟು ಬೇಯಿಸಿಕೊಂಡು ಅಲ್ಲೇ ಕೂತು ಉಂಡೆ. ಅವ್ವ ಬಾಗಿಲಿಗೆ ಬಂದು ಕರೆದಳು, ಬೈದಳು, ಎಲೆ ಹಾಕಿ ಕಾದಳು. ನಾನು ಅವಳ ಒಲೆಯ ಕಡೆ ತಲೆ ಹಾಕಲಿಲ್ಲ. ಹಿತ್ತಲು ಇನ್ನೂ ಯಾರ ಪಾಲಿಗೂ ಬಂದಿರಲಿಲ್ಲವಾದ್ದರಿಂದ ಅಲ್ಲಿಂದ ಏಳು ಅನ್ನುವ ಹಕ್ಕು ಇಬ್ಬರಿಗೂ ಇರಲಿಲ್ಲ. ಊರಿಗೆ ಹೊಸ ಸುಗ್ಗಿ. "ಅಣ್ಣತಮ್ಮ ಪಾಲಾಗೋದು ಕಂಡಿದ್ದೆವು, ಅವ್ವ ಮಗಳು ಪಾಲಾಗೋದು ಇದೇ ಮೊದಲು ಕಣಪ್ಪ" ಎಂದು ಬಾವಿಯ ಹತ್ತಿರ ನಗಾಡಿದರು. ಒಂದೇ ಸೂರಿನ ಕೆಳಗಿನ ಮನೆಯಲ್ಲಿ ಮೂರು ಹೊಗೆ. ಇಬ್ಬರು ಹೆಂಗಸರೂ ನೀರಿಗೆ ಹೋಗುವ ಹೊತ್ತನ್ನು ಬದಲಾಯಿಸಿಕೊಂಡರು. ಒಂದು ದಿನ ಅಪ್ಪ ತೋಟದಿಂದ ಬಂದವನು ಒಳಗೆ ಹೋಗದೆ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ. "ನಂಗೂ ಒಂದು ತುತ್ತು ಹಾಕು," ಅಂದ. ನನ್ನ ಮುದ್ದೆಯಲ್ಲಿ ಅರ್ಧ ಮುರಿದು ಕೊಟ್ಟೆ. ಉಂಡು ಕೈ ತೊಳೆದು ಹೋದ.

ಹಿಟ್ಟು ಮುಗಿಯಿತು. ಅಳತೆಯಲ್ಲಿ ದೊಡ್ಡಮ್ಮ ಸೋತಿದ್ದಳು ಅನ್ನಿ, ಎರಡು ಸೇರು ಸಾಲುವುದಿಲ್ಲ ಅನ್ನುವುದು ಅವಳಿಗೂ ಮೊದಲೇ ಗೊತ್ತಿದ್ದಿರಬೇಕು. ಅವ್ವ ಬಾಗಿಲಲ್ಲಿ ನಿಂತು ಖಾಲಿ ಡಬ್ಬವನ್ನು ನೋಡಿದಳು. "ಮುಗೀತಲ್ಲ, ಬಾ ಒಳಗೆ," ಎಂದು ಗೆದ್ದವಳ ಮುಖ ಮಾಡಿದಳು. ನಾನು ನೀರು ಕುಡಿದು ನುಗ್ಗೆಮರಕ್ಕೆ ಒರಗಿ ಕೂತೆ. ಹಟವೆಂದರೆ ಹಟ, ಆದರೆ ಹೊಟ್ಟೆಗೆ ಹಟ ಅರ್ಥವಾಗುವುದಿಲ್ಲ. ಇನ್ನೊಂದು ಹೊತ್ತು ಕಳೆದಿದ್ದರೆ ನಾನು ಒಳಗೆ ಹೋಗುತ್ತಿದ್ದೆ, ಒಳಗೆ ಹೋಗಿದ್ದರೆ ಅಲ್ಲೇ ಉಳಿಯುತ್ತಿದ್ದೆ. ಆಗ ದೊಡ್ಡಮ್ಮ ತನ್ನ ಬಾಗಿಲಿನಿಂದ ಮೊರದ ತುಂಬ ರಾಗಿ ಹಿಟ್ಟು ಹಿಡಿದು ಬಂದಳು. ಬೆರಳು ಎಳೆದು ಮಟ್ಟ ಮಾಡಿದ ಹಿಟ್ಟಲ್ಲ, ಗುಡ್ಡೆ ಗುಡ್ಡೆ.

"ತಗೋ. ನಿನ್ ಮ್ಯಾಲಿನ ಪ್ರೀತಿಗೆ ಕೊಡ್ತಿಲ್ಲ, ನಿಮ್ಮವ್ವನ ಹೊಟ್ಟೆ ಉರೀಲಿ ಅಂತ ಕೊಡ್ತಿದ್ದೀನಿ," ಎಂದಳು, ಕೊಟ್ಟಿಗೆ ಕಡೆಯ ಬಾಗಿಲಿಗೆ ಕೇಳುವ ಹಾಗೆ. "ಕಾಲೇಜಿಗೂ ನಾನೇ ಕೊಡ್ತೀನಿ. ನಾಕು ಸೇರು. ಹೆತ್ತೋಳು ತಡೆದ್ಲು, ದಾಯಾದಿ ಕಳಿಸಿದ್ಲು ಅಂತ ಊರೆಲ್ಲ ಅಂದ್ಕಳ್ಲಿ."

ಮಾನಸ್ಥೆಯಾಗಿದ್ದರೆ ಆ ಮೊರವನ್ನು ಅವಳ ಮುಖಕ್ಕೆ ಎಸೆಯಬೇಕಿತ್ತು. ನಾನು ಎರಡೂ ಕೈಯಲ್ಲಿ ಇಸಿದುಕೊಂಡೆ. ಆವತ್ತು ತೊಳಸಿದ ಮುದ್ದೆಯಷ್ಟು ದೊಡ್ಡದನ್ನು ಆ ಮನೆಯಲ್ಲಿ ಯಾರೂ ಒಬ್ಬರೇ ಉಂಡಿರಲಿಲ್ಲ.

ಸಂಜೆಯೊಳಗೆ ಅವ್ವ ಬೀದಿಯಾಚೆಯ ಮನೆಯಲ್ಲಿ ಖಾರದ ಪುಡಿ ಕುಟ್ಟಿಸಿಕೊಂಡು ಬಂದಳು. ಏಣಿ ಹಾಕಿ ಅಟ್ಟ ಹತ್ತಿ, ತನ್ನ ಪಾಲಿನ ಕಾಯಿಯಲ್ಲಿ ಅಲ್ಲಾಡಿಸಿ ಅಲ್ಲಾಡಿಸಿ ಒಳ್ಳೆಯದನ್ನು ಆರಿಸಿ ಇಳಿಸಿದಳು. ತನ್ನ ಒಲೆಯಲ್ಲಿ ಏನೇನೋ ಹುರಿದಳು, ಪುಡಿ ಮಾಡಿದಳು, ಡಬ್ಬ ಹುಡುಕಿದಳು. ಬೆಳಗ್ಗೆ ಎದ್ದು ನೋಡಿದರೆ ನನ್ನ ಟ್ರಂಕಿನ ಪಕ್ಕ ಕಟ್ಟಿದ ಚೀಲ, ಅದರ ಮೇಲೆ ಮಡಿಚಿದ ಕಂಬಳಿ.

"ಅವಳ ಹಿಟ್ಟು ತಿಂದು ನನ್ ಮಗಳು ಓದೋದಾ? ನಾನೇನು ಸತ್ತಿದ್ದೀನಾ? ಹೋಗು, ಐದು ಸೇರು ಕಟ್ಟಿದ್ದೀನಿ."

ದೊಡ್ಡಮ್ಮನೂ ಹೇಳಿದಂತೆ ನಾಲ್ಕು ಸೇರಿನ ಚೀಲ ಕಟ್ಟಿಕೊಟ್ಟಳು. ನನ್ನನ್ನು ಕೇಳಿದರೆ ಆ ಚೀಲಗಳಲ್ಲಿ ನನಗಾಗಿ ಇದ್ದದ್ದು ಏನೂ ಇಲ್ಲ. ಒಂದು ಚೀಲ ಇನ್ನೊಂದು ಚೀಲದ ಮೇಲಿನ ಹೊಟ್ಟೆಕಿಚ್ಚು. ಆದರೆ ಬಸ್ಸಿನವನು ಅದನ್ನೆಲ್ಲ ಕೇಳುವುದಿಲ್ಲ. ನಾನು ಹೊರಟೆ. ಹೊರಡುವ ದಿನ ಇಬ್ಬರೂ ತಮ್ಮ ತಮ್ಮ ಬಾಗಿಲಿನಲ್ಲಿ ನಿಂತಿದ್ದರು. ನನ್ನ ಕಾಲು ಬೀದಿಗೆ ಬೀಳುವಾಗ ದೊಡ್ಡಮ್ಮ, "ಅವಳ ಚೀಲನ ದಾರೀಲಿ ಕೆರೆಗೆ ಸುರಿದು ಹೋಗು," ಎಂದಳು. ಅವ್ವ, "ಆ ಹಿಟ್ಟು ಬಸ್ಸಲ್ಲೇ ಬಿಟ್ಟುಬುಡು, ಯಾವುದಾರ ಎಮ್ಮೆ ತಿನ್ಲಿ," ಎಂದಳು. ದೊಡ್ಡಪ್ಪ ಜಗಲಿಯ ಮೇಲೆ ಕೂತು ಮಟ್ಟೆ ಸುಲಿಯುವ ಕಬ್ಬಿಣವನ್ನು ಕಲ್ಲಿಗೆ ಮಸೆಯುತ್ತಿದ್ದ, ತಲೆ ಎತ್ತಲಿಲ್ಲ. ಚೆನ್ನಾಗಿ ಓದು ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ.

ಅಪ್ಪ ಟ್ರಂಕನ್ನು ತಲೆಯ ಮೇಲೆ ಹೊತ್ತು ಮುಂದೆ ನಡೆದ. ನಾನು ಎರಡು ಕೈಗೆ ಎರಡು ಚೀಲ ಹಿಡಿದು ಹಿಂದೆ. ಹಂದನಕೆರೆಯಲ್ಲಿ ಬಸ್ಸು ನಿಲ್ಲುವ ಕಡೆ ಟ್ರಂಕ್ ಇಳಿಸಿ, ತಲೆಯ ಸಿಂಬಿ ಬಿಚ್ಚಿ ಮುಖ ಒರೆಸಿಕೊಂಡ. ನನ್ನ ಕೈಯ ಚೀಲಗಳನ್ನು ನೋಡಿದ.

"ರಜಕ್ಕೆ ಬಂದಾಗ ಯಾರ ಮನೇಲಿ ಉಣ್ತೀಯವ್ವ? ಈಗ್ಲೇ ಹೇಳೋಗು. ಇಬ್ರೂ ನನ್ನೇ ಕೇಳ್ತಾರೆ. ನಾನೇನು ಹೇಳ್ಲಿ?"

ಅಪ್ಪ ನನ್ನನ್ನು ಏನನ್ನಾದರೂ ಕೇಳಿದ್ದು ಕಡಿಮೆ. ಬೇರೆ ಏನಾದರೂ ಹೇಳಬಹುದಿತ್ತೇನೋ.

"ಬರಲ್ಲ ಅಪ್ಪ."

ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ಸಿಂಬಿಯ ಬಟ್ಟೆಯನ್ನು ಕೊಡವಿ ಮಡಿಚಿ ಹೆಗಲಿಗೆ ಹಾಕಿಕೊಂಡ.

"ಹಂಗೇ ಮಾಡು," ಅಂದ. "ಎಲ್ಲಾರ ಹೋಗಕ್ಕೆ ಜಾಗ ಇದ್ದಿದ್ರೆ ನಾನೂ ಬತ್ತಿರ್ಲಿಲ್ಲ."

ಬಸ್ಸು ಬಂತು. ಟ್ರಂಕನ್ನು ಮೇಲಕ್ಕೆ ಹಾಕಿಸಿ, ಚೀಲಗಳನ್ನು ನನ್ನ ಕಾಲ ಬಳಿ ಇಟ್ಟು, ಅಪ್ಪ ಕೆಳಗಿಳಿದು ಊರಿನ ಕಡೆಗೆ ನಡೆದ.